ನಾಲ್ಕಕ್ಷರದ ಡಬ್ಬಿ, ಏಳು ಪುಸ್ತಕದ ಚೀಲ

ಪ್ರಶ್ನೆ: ನಾನು ಕೊಪ್ಪಳದಲ್ಲಿ ಬ್ಯಾಂಕ್ ಉದ್ಯೋಗಿ, ವಯಸ್ಸು 34. ಎರಡು ವರ್ಷದಿಂದ ವ್ಯಕ್ತಿತ್ವದ ಬಗೆಗಳನ್ನು ತಿಳಿಯುವ ಹುಚ್ಚು ಹಿಡಿದಿದೆ. ಕಳೆದ ನಾಲ್ಕನೇ ಶನಿವಾರ ಬೆಳಗಿನ ರೈಲಿಗೆ ಒಬ್ಬಳೇ ಬಳ್ಳಾರಿಗೆ ಹೋದೆ. ಇಡೀ ದಿನ ಪುಸ್ತಕದ ಅಂಗಡಿ ಸುತ್ತಿದೆ. ಬೆಂಗಳೂರು ರಸ್ತೆಯ ಹತ್ತಿರದ ಓಣಿಯಲ್ಲಿ ಹಳೇ ಪುಸ್ತಕದ ಒಂದು ಅಂಗಡಿ ಸಿಕ್ಕಿತು. ಅಲ್ಲಿ ಸ್ಟೂಲ್ ಮೇಲೆ ಎರಡೂವರೆ ಗಂಟೆ ಕೂತಿದ್ದೆ, ಅಂಗಡಿಯವರು ಚಹಾ ತರಿಸಿದರು. ಊಟದ ನೆನಪೇ ಆಗಲಿಲ್ಲ. ಸಂಜೆ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಬಂದು, ಪುಸ್ತಕ ನೋಡುತ್ತಾ ಅದನ್ನೂ ಆರಿಸಿಬಿಟ್ಟೆ. 1,500 ರೂಪಾಯಿ ಅಂತ ಲೆಕ್ಕ ಹಾಕಿಕೊಂಡು ಹೋಗಿದ್ದೆ. 1,490ಕ್ಕೆ ಏಳು ಪುಸ್ತಕ ಬಂದವು: ವ್ಯಕ್ತಿತ್ವದ ಮೇಲಿನವು ಮೂರು, ಕಾದಂಬರಿ ಎರಡು, ಹಕ್ಕಿಗಳ ಪುಸ್ತಕ ಒಂದು, 'ತಗೋರಿ ಮೇಡಂ, ಚೆನ್ನಾಗಿದೆ' ಅಂತ ಅಂಗಡಿಯವರು ಕೊಟ್ಟ ಅಡುಗೆ ಪುಸ್ತಕ ಒಂದು. ವಾಪಸ್ ಬರುವಾಗ ಫೋನಿನಲ್ಲಿ, ಸ್ವಭಾವದ ಬಗೆಯನ್ನು ನಾಲ್ಕಕ್ಷರದಲ್ಲಿ ಹೇಳುವ ಪರೀಕ್ಷೆ ಮಾಡಿಕೊಂಡೆ, ಐಎನ್‌ಎಫ್‌ಪಿ ಬಂತು. ಎರಡು ತಿಂಗಳ ಹಿಂದೆ ಐಎನ್‌ಎಫ್‌ಜೆ ಬಂದಿತ್ತು. ಯಾವುದು ನಿಜ? ಒಬ್ಬಳೇ ಇದ್ದು ಅಷ್ಟು ಖುಷಿಪಟ್ಟೆ ಅಂದರೆ ನಾನು ಜನ ಬೇಡವಾದವಳಾ? ಕೌಂಟರಿನಲ್ಲಿ ಮಾತ್ರ ದಿನವಿಡೀ ನಗುನಗುತ್ತಾ ಮಾತಾಡುತ್ತೇನೆ. ಈ ಮೂರು ಪುಸ್ತಕಗಳಲ್ಲಿ ನಂಬುವಂಥದ್ದು ಯಾವುದು ಅಂತ ತಿಳಿಯುವುದು ಹೇಗೆ? ನಾದಿನಿಗೆ ಗಂಡು ನೋಡುತ್ತಿದ್ದೇವೆ. ಹುಡುಗನಿಗೂ ಈ ಪರೀಕ್ಷೆ ಮಾಡಿಸಿದರೆ ಹೇಗೆ? ಇನ್ನೊಂದು ಸಣ್ಣ ವಿಷಯ: ಯಜಮಾನರು ಮುಂದಿನ ಸಲ ತಾವೂ ಬರುತ್ತೇನೆ ಅನ್ನುತ್ತಿದ್ದಾರೆ. ಕರೆದುಕೊಂಡು ಹೋಗಬೇಕಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಪರೀಕ್ಷೆಯ ಬಗ್ಗೆ ನೀವು ಬರೆದಿರುವುದು ಎರಡೇ ಸಾಲು. ಬಳ್ಳಾರಿಯ ಆ ದಿನದ ಬಗ್ಗೆ ಅದರ ನಾಲ್ಕು ಪಟ್ಟು. ಬಳ್ಳಾರಿಯ ಕಾಲೇಜಿನಲ್ಲಿ ಬಹಳ ವರ್ಷ ಮನಃಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ನಿಮ್ಮ ಸ್ವಭಾವ ತಿಳಿಯಲು ಆ ನಾಲ್ಕಕ್ಷರ ಬೇಕೋ, ಆ ಏಳು ಪುಸ್ತಕದ ಚೀಲ ಬೇಕೋ ಅಂತ ಯಾರಾದರೂ ಕೇಳಿದರೆ ನಾನು ಚೀಲವನ್ನೇ ಕೇಳುತ್ತೇನೆ. ಬಿಲ್ಲೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಯಾಕೆ ಅಂತ ಹೇಳುವ ಮೊದಲು ಆ ನಾಲ್ಕಕ್ಷರ ಎಲ್ಲಿಂದ ಬಂದವು ನೋಡೋಣ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಬಗೆಗಳ ಮೇಲೆ ಒಂದು ದಪ್ಪ ಪುಸ್ತಕ ಬರೆದರು. ಅಂತರ್ಮುಖಿ, ಬಹಿರ್ಮುಖಿ ಅಂತ ಇವತ್ತು ನಾವು ಸಲೀಸಾಗಿ ಆಡುವ ಮಾತು ಹಬ್ಬಿದ್ದು ಅಲ್ಲಿಂದ. 1923ರಲ್ಲಿ ಅದು ಇಂಗ್ಲಿಷಿಗೆ ಬಂತು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಎಂಬ ಗೃಹಿಣಿ ಅದನ್ನು ಓದಿ ಮರುಳಾದರು. ಅವರ ಮಗಳು ಇಸಬೆಲ್ ಮೈಯರ್ಸ್. ಈಕೆ ಓದಿದ್ದು ರಾಜ್ಯಶಾಸ್ತ್ರ. ಬರೆದಿದ್ದು ಪತ್ತೇದಾರಿ ಕಾದಂಬರಿ, ಅದಕ್ಕೆ ಸ್ಪರ್ಧೆಯೊಂದರಲ್ಲಿ ಬಹುಮಾನವೂ ಬಂದಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಗಂಡಸರು ಯುದ್ಧಕ್ಕೆ ಹೋಗಿ, ಹೆಂಗಸರು ಕಾರ್ಖಾನೆಗಳಿಗೆ ಬಂದರು. ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಅಂತ ತಿಳಿಯಲು ತಾಯಿ ಮಗಳು ಸೇರಿ ಪ್ರಶ್ನೆಗಳ ಪಟ್ಟಿ ಮಾಡತೊಡಗಿದರು. 1962ರಲ್ಲಿ ಅದು ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯಾಗಿ ಅಚ್ಚಾಯಿತು. ಅಂತರ್ಮುಖಿ-ಬಹಿರ್ಮುಖಿ ಥರದ ನಾಲ್ಕು ಜೋಡಿ, ಒಂದೊಂದರಲ್ಲಿ ಎರಡು ಆಯ್ಕೆ, ಆಯ್ಕೆಗೊಂದು ಇಂಗ್ಲಿಷ್ ಅಕ್ಷರ, ಒಟ್ಟು ಹದಿನಾರು ಬಗೆ.

ಇಬ್ಬರಿಗೂ ಮನಃಶಾಸ್ತ್ರದ ಪದವಿ ಇರಲಿಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದು ದೊಡ್ಡ ತಕರಾರಲ್ಲ. ಅಡುಗೆಮನೆಯಲ್ಲಿ ಕೂತು ಇಪ್ಪತ್ತು ವರ್ಷ ಒಂದೇ ವಿಷಯ ಹಿಡಿದು ದುಡಿದ ಹೆಂಗಸರ ಬಗ್ಗೆ ಗೌರವವೇ ಇದೆ. ನನ್ನ ತಕರಾರು ಬೇರೆ.

ನಿಮ್ಮ ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬದಲಾಗಿರುವುದು ಕೊನೆಯ ಅಕ್ಷರ ಒಂದೇ. ಆ ನಾಲ್ಕನೇ ಜೋಡಿ ಯೂಂಗ್ ಅವರದಲ್ಲ, ತಾಯಿ ಮಗಳು ಸೇರಿಸಿದ್ದು. ಜೆ ಅಂದರೆ ಮೊದಲೇ ತೀರ್ಮಾನ ಮಾಡಿ, ಯೋಜನೆ ಹಾಕಿ ನಡೆಯುವವರು. ಪಿ ಅಂದರೆ ಬಂದದ್ದು ಬರಲಿ ಅಂತ ದಾರಿ ತೆರೆದಿಟ್ಟುಕೊಳ್ಳುವವರು. ಈಗ ನಿಮ್ಮ ಶನಿವಾರ ನೋಡಿ. 1,500ರ ಲೆಕ್ಕ ಹಾಕಿ 1,490ಕ್ಕೆ ನಿಲ್ಲಿಸಿದವರು ಅಪ್ಪಟ ಜೆ. ಊಟ ಮರೆತು ಎರಡೂವರೆ ಗಂಟೆ ಸ್ಟೂಲ್ ಮೇಲೆ ಕೂತು, ಯೋಚನೆಯಲ್ಲೇ ಇಲ್ಲದ ಹಕ್ಕಿ ಪುಸ್ತಕ ಎತ್ತಿಕೊಂಡವರು ಅಪ್ಪಟ ಪಿ. ಇಬ್ಬರೂ ನೀವೇ, ಅದೂ ಒಂದೇ ಮಧ್ಯಾಹ್ನ. ಪರೀಕ್ಷೆಗೆ ಮಾತ್ರ ಒಂದೇ ಅಕ್ಷರ ಬೇಕು.

ನೀವು ಬ್ಯಾಂಕಿನವರು, ಒಂದು ಬ್ಯಾಂಕಿನ ಉದಾಹರಣೆ ಕೊಡುತ್ತೇನೆ. ಸಾಲಕ್ಕೆ ಸಿಬಿಲ್ ಸ್ಕೋರ್ 750 ಇರಬೇಕು ಅಂತ ಒಂದು ಕಡೆ ಗೆರೆ ಎಳೆದಿದ್ದಾರೆ ಅನ್ನಿ. 749 ಇದ್ದವನು ಹೊರಗೆ, 751 ಇದ್ದವನು ಒಳಗೆ. ಆ ಇಬ್ಬರೂ ಸಾಲ ತೀರಿಸುವುದರಲ್ಲಿ ಅಣ್ಣತಮ್ಮಂದಿರ ಹಾಗೆ ಅಂತ ನಿಮಗೂ ಗೊತ್ತು. ಆದರೂ 751 ಮತ್ತು 880 ಒಂದೇ ಡಬ್ಬಿಗೆ ಬೀಳುತ್ತವೆ, 749 ಬೇರೆ ಡಬ್ಬಿಗೆ. ಸಾಲ ಕೊಡಲು ಎಲ್ಲೋ ಒಂದು ಕಡೆ ಗೆರೆ ಬೇಕೇ ಬೇಕು, ಅಲ್ಲಿ ಸರಿ. ಸ್ವಭಾವದ ವಿಷಯದಲ್ಲಿ ಹೆಚ್ಚಿನ ಜನ ನಿಲ್ಲುವುದೇ ನಡುವಿನಲ್ಲಿ, ಗೆರೆಯ ಆಚೆ ಈಚೆ. ಆ ದಿನ ನಿದ್ದೆ ಕಡಿಮೆಯಾಗಿದ್ದರೆ ಎರಡು ಪ್ರಶ್ನೆಗೆ ಉತ್ತರ ಬದಲಾಗುತ್ತದೆ, ಅಕ್ಷರವೂ ಬದಲಾಗುತ್ತದೆ. ಐದೇ ವಾರ ಬಿಟ್ಟು ಮತ್ತೆ ಪರೀಕ್ಷೆ ಕೊಟ್ಟಾಗ ಅರ್ಧದಷ್ಟು ಜನರ ಬಗೆ ಬೇರೆ ಬಂದದ್ದೂ ದಾಖಲಾಗಿದೆ. ನಿಮ್ಮದು ಎರಡು ತಿಂಗಳು. ಹಾಗಾಗಿ 'ಯಾವುದು ನಿಜ' ಎಂಬ ಪ್ರಶ್ನೆಗೆ ಉತ್ತರ: ನೀವು 749 ಮತ್ತು 751ರ ನಡುವೆ ಓಡಾಡುತ್ತಿರುವವರು. ಬದಲಾದದ್ದು ನೀವಲ್ಲ.

ಅಂದ ಹಾಗೆ, ಫೋನಿನಲ್ಲಿ ಬಿಟ್ಟಿ ಸಿಗುವುದು ಅಸಲಿ ಪರೀಕ್ಷೆಯೂ ಅಲ್ಲ. ಅಸಲಿಗೆ ದುಡ್ಡು ಕೊಡಬೇಕು. ಇವು ಅದೇ ಅಕ್ಷರಗಳನ್ನು ಎರವಲು ತಂದವು.

ಹಾಗಿದ್ದರೂ ಆ ವಿವರಣೆ ಓದಿದಾಗ 'ಅಯ್ಯೋ, ಇದು ನಾನೇ' ಅನ್ನಿಸಿರಬೇಕು, ಅಲ್ವಾ? ಅದಕ್ಕೂ ಒಂದು ಕಥೆ ಇದೆ, ಅದರಲ್ಲೂ ಒಂದು ಪುಸ್ತಕದ ಅಂಗಡಿ ಬರುತ್ತದೆ.

1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಒಂದು ವಾರ ಬಿಟ್ಟು ಒಬ್ಬೊಬ್ಬರಿಗೂ ಅವರವರ ಹೆಸರು ಬರೆದ ಫಲಿತಾಂಶ ಹಂಚಿದರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಹಾಳೆ. ಅದರ ವಾಕ್ಯಗಳಲ್ಲಿ ಹೆಚ್ಚಿನವನ್ನು ಫೋರರ್ ಎತ್ತಿದ್ದು ಪತ್ರಿಕೆ ಮಾರುವ ಅಂಗಡಿಯಲ್ಲಿ ಸಿಕ್ಕ ಒಂದು ಜ್ಯೋತಿಷ್ಯದ ಪುಸ್ತಕದಿಂದ! 'ನಿಮ್ಮಲ್ಲಿ ಇನ್ನೂ ಬಳಸಿಕೊಳ್ಳದ ಶಕ್ತಿ ಇದೆ', 'ಕೆಲವೊಮ್ಮೆ ಜನರ ಜೊತೆ ಬೆರೆಯುತ್ತೀರಿ, ಕೆಲವೊಮ್ಮೆ ಒಳಗೇ ಉಳಿಯುತ್ತೀರಿ', ಈ ಥರದ ಮಾತುಗಳು. ಯಾರಿಗೆ ಒಪ್ಪುವುದಿಲ್ಲ ಹೇಳಿ?

ಲೈಬ್ರರಿಗಳಲ್ಲಿ ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಜ್ಯೋತಿಷ್ಯದ ನಂಬರು 133.5, ವ್ಯಕ್ತಿತ್ವದ್ದು 155.2. ಸಣ್ಣ ಲೈಬ್ರರಿಯಾದರೆ ಎರಡೂ ಒಂದೇ ಕಪಾಟು. ಕೈ ಸ್ವಲ್ಪ ಆಚೆ ಜಾರಿದರೆ ಸಾಕು.

ಫೋರರ್ ಆಟವನ್ನು ನಾನೂ ತರಗತಿಯಲ್ಲಿ ಹಲವು ಸಲ ಆಡಿದ್ದೇನೆ. 'ನಿಮ್ಮ ಕೈಬರಹ ನೋಡಿ ಬರೆದಿದ್ದೇನೆ' ಅಂತ ಹಾಳೆ ಹಂಚುತ್ತಿದ್ದೆ. ಒಂದು ವರ್ಷ ಗುಟ್ಟು ಬಿಚ್ಚಿ ಹೇಳಿ, ಎಲ್ಲರೂ ನಕ್ಕು, ಬೆಲ್ಲೂ ಹೊಡೆದ ಮೇಲೆ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಆ ಹಾಳೆಯನ್ನು ಸಣ್ಣಗೆ ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡಳು. 'ಎಲ್ಲರದೂ ಒಂದೇ ಇದೆಯಲ್ಲಮ್ಮಾ' ಅಂದೆ. 'ಇರಲಿ ಸರ್, ನನ್ನದು ಸರಿಯಾಗೇ ಇದೆ' ಅಂದಳು. ಆ ಉತ್ತರಕ್ಕೆ ನನ್ನ ಹತ್ತಿರ ಆಗಲೂ ಏನೂ ಇರಲಿಲ್ಲ.

ನಾನು ಮಾತ್ರ ಈ ಬಲೆಗೆ ಬಿದ್ದಿಲ್ಲ ಅಂದುಕೊಳ್ಳಬೇಡಿ. ನೌಕರಿಗೆ ಸೇರಿದ ಹೊಸದರಲ್ಲಿ ನಾನೂ ಅಕ್ಷರ ಹಂಚುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ ಅಂತರ್ಮುಖಿ ಅಂತ ಬಂತು. ಆ ವರ್ಷದ ಚರ್ಚಾಸ್ಪರ್ಧೆಗೆ ಅವನು ಹೆಸರು ಕೊಡಲು ಬಂದಾಗ 'ನಿನಗೆ ಪ್ರಬಂಧ ಸ್ಪರ್ಧೆ ಸರಿಹೋಗುತ್ತೆ' ಅಂತ ತಿರುಗಿಸಿ ಕಳಿಸಿದೆ. ಅವನು ಸುಮ್ನೆ ಹೋದ. ಹತ್ತಾರು ವರ್ಷ ಬಿಟ್ಟು ಒಂದು ಹಳ್ಳಿಯ ಕಬಡ್ಡಿ ಟೂರ್ನಮೆಂಟಿಗೆ ಹೋಗಿದ್ದೆ. ಮೈಕಿನಲ್ಲಿ ಒಬ್ಬ ಉಸಿರು ಬಿಡದೆ ಕಾಮೆಂಟರಿ ಹೇಳುತ್ತಿದ್ದಾನೆ, ಜನ ಆಟಕ್ಕಿಂತ ಅವನ ಮಾತಿಗೇ ಹೆಚ್ಚು ಚಪ್ಪಾಳೆ ಹೊಡೆಯುತ್ತಿದ್ದಾರೆ. ಅವನೇ ಇವನು. ನನ್ನನ್ನು ನೋಡಿ ಮೈಕಿನಲ್ಲೇ 'ನಮ್ಮ ಗುರುಗಳು ಬಂದಿದ್ದಾರೆ' ಅಂದ. ನಾನು ತಲೆ ತಗ್ಗಿಸಿ ಕೂತೆ.

ಹಾಗಾದರೆ ಸ್ವಭಾವ ಅಳೆಯುವುದೇ ಸುಳ್ಳಾ? ಇಲ್ಲ. ಇಲ್ಲಿ ಮತ್ತೆ ಲೈಬ್ರರಿಗೇ ಬರಬೇಕು.

ಮೆಲ್ವಿಲ್ ಡ್ಯೂಯಿ 1876ರಲ್ಲಿ ಮಾಡಿದ್ದು ಡಬ್ಬಿಗಳ ಪದ್ಧತಿ. ಪ್ರತಿ ಪುಸ್ತಕಕ್ಕೂ ಮೊದಲೇ ಸಿದ್ಧವಾದ ಒಂದು ಗೂಡು. ನಮ್ಮ ಎಸ್.ಆರ್. ರಂಗನಾಥನ್ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿದ್ದರು. ಲಂಡನ್ನಿಗೆ ಓದಲು ಹೋದಾಗ ಒಂದು ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ಕಂಡರು. ಅದೇ ಪಟ್ಟಿ, ಅದೇ ಗಾಲಿ, ಅದೇ ಸ್ಕ್ರೂ, ಆದರೆ ಜೋಡಿಸುವ ರೀತಿ ಬದಲಿಸಿದರೆ ಬೇರೆ ಬೇರೆ ಯಂತ್ರ. ಪುಸ್ತಕವನ್ನು ಗೂಡಿಗೆ ತುರುಕುವ ಬದಲು ಅದರ ಮುಖಗಳನ್ನು ಒಂದೊಂದಾಗಿ ಗುರುತಿಸಿ ಜೋಡಿಸೋಣ ಅಂತ ಅವರಿಗೆ ಹೊಳೆಯಿತು. 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಅವರ ಪದ್ಧತಿ ಬಂತು. ತಮಾಷೆ ಅಂದರೆ, ಮುಂದೆ ಅವರು ಹೇಳಿದ ಐದು ಮೂಲ ಮುಖಗಳಲ್ಲಿ ಮೊದಲನೆಯದಕ್ಕೆ ಇಟ್ಟ ಹೆಸರೇ ಪರ್ಸನಾಲಿಟಿ! ಅಲ್ಲಿ ಅದರ ಅರ್ಥ ಬೇರೆ, ವಿಷಯದ ತಿರುಳು ಅಂತ. ಆದರೂ ಪಾಠ ಮಾಡುವಾಗ ನನಗೆ ಈ ಹೋಲಿಕೆ ಬಹಳ ಉಪಯೋಗಕ್ಕೆ ಬಂದಿದೆ. ಹದಿನಾರು ಬಗೆ ಎನ್ನುವುದು ಡ್ಯೂಯಿ ಕಪಾಟು. ಇವತ್ತಿನ ಮನಃಶಾಸ್ತ್ರ ನೆಚ್ಚಿಕೊಂಡಿರುವುದು ರಂಗನಾಥನ್ ಥರದ ದಾರಿಯನ್ನು.

ಆ ದಾರಿ ಶುರುವಾದದ್ದೂ ಒಂದು ಪುಸ್ತಕದಿಂದಲೇ, ನಿಘಂಟಿನಿಂದ. 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬ ಇಬ್ಬರು ಇಂಗ್ಲಿಷ್ ನಿಘಂಟು ಹಿಡಿದು, ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರೆಯಾಗಿ ತೋರಿಸುವ ಪದಗಳನ್ನೆಲ್ಲ ಹೆಕ್ಕಿದರು. ಸುಮಾರು 18,000 ಸಿಕ್ಕವು. ಜನಕ್ಕೆ ಮುಖ್ಯ ಅನ್ನಿಸಿದ ಗುಣಕ್ಕೆಲ್ಲ ಭಾಷೆಯಲ್ಲಿ ಒಂದು ಮಾತು ಹುಟ್ಟಿಯೇ ಇರುತ್ತದೆ ಎಂಬುದು ಅವರ ನಂಬಿಕೆ. ಕನ್ನಡದಲ್ಲೇ ನೋಡಿ: ಜುಗ್ಗ, ಬಾಯಿಬಡುಕ, ಮುಂಗೋಪಿ, ಪುಕ್ಕಲ, ಹುಂಬ, ಹಟಮಾರಿ, ಮೈಗಳ್ಳ, ಮಾತುಗಾರ, ಸಂಕೋಚದವಳು, ಕೈಬಿಚ್ಚಿನವನು. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು ಇಂಥ ಪದ ಹೇಳುತ್ತಾ ಹೋಗಿ. ಇನ್ನೂರು ದಾಟುವುದು ಕಷ್ಟವಲ್ಲ, ಜಗಳವಾಗದಂತೆ ನೋಡಿಕೊಳ್ಳುವುದು ಕಷ್ಟ. ಆಮೇಲೆ ಬಂದವರು ಈ ಪದಗಳಲ್ಲಿ ಯಾವುವು ಒಟ್ಟೊಟ್ಟಿಗೆ ಓಡುತ್ತವೆ ಅಂತ ಲೆಕ್ಕ ಹಾಕಿದರು. ಬಾರಿ ಬಾರಿಗೂ ಐದು ಗುಂಪು ಎದ್ದು ಬಂದವು. 1980ರ ಹೊತ್ತಿಗೆ ಲೂಯಿಸ್ ಗೋಲ್ಡ್‌ಬರ್ಗ್ ಅದಕ್ಕೆ 'ಬಿಗ್ ಫೈವ್' ಅಂದರು. ಇವು ಡಬ್ಬಿಗಳಲ್ಲ, ಐದು ಅಳತೆಪಟ್ಟಿಗಳು: ಹೊಸತರ ಕಡೆ ಕೈ ಚಾಚುವುದು, ಅಚ್ಚುಕಟ್ಟು, ಹೊಂದಿಕೆ, ಚಡಪಡಿಕೆ, ಬಹಿರ್ಮುಖತೆ. ಒಂದೊಂದು ಪಟ್ಟಿಯ ಮೇಲೂ ಎಲ್ಲರಿಗೂ ಒಂದು ಜಾಗ ಇದೆ.

ಈಗ ಆ ಚೀಲ ಬಿಚ್ಚೋಣ.

ಹಕ್ಕಿ ಪುಸ್ತಕ ಮೊದಲು. ಅದು ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ, ನಿಮ್ಮ ಕೆಲಸಕ್ಕೂ ಬೇಕಿಲ್ಲ. ಹೊಸತರ ಕಡೆ ಕೈ ಚಾಚುವ ಗುಣದ ಗುರುತು ಅದು. ಅಮೆರಿಕದಲ್ಲಿ ಸ್ಯಾಮ್ ಗಾಸ್ಲಿಂಗ್ ಮತ್ತು ಜೊತೆಗಾರರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರಿಚಯವೇ ಇಲ್ಲದವರನ್ನು ಬೇರೆಯವರ ಮಲಗುವ ಕೋಣೆಗೆ, ಆಫೀಸಿಗೆ ಕಳಿಸಿ, ಇಲ್ಲಿ ಇರುವವರು ಎಂಥವರು ಹೇಳಿ ಅಂದರು. ಈ ಒಂದು ಗುಣದ ವಿಷಯದಲ್ಲಿ ಅವರ ಅಂದಾಜು ಚೆನ್ನಾಗಿಯೇ ಹೊಂದಿತು. ಅಲ್ಲಿ ಸುಳಿವು ಕೊಟ್ಟ ವಸ್ತುಗಳಲ್ಲಿ ಪುಸ್ತಕಗಳೂ ಇದ್ದವು, ಅವುಗಳಲ್ಲಿನ ವೈವಿಧ್ಯ. ಏಳು ಪುಸ್ತಕದಲ್ಲಿ ನಾಲ್ಕು ಥರ ತಂದಿದ್ದೀರಿ. ಪರೀಕ್ಷೆ ಕೊಡುವಾಗ ಮನುಷ್ಯ ತಾನು ಹೇಗಿರಬೇಕೋ ಹಾಗೆ ಉತ್ತರಿಸುತ್ತಾನೆ. ಚೀಲ ತುಂಬುವಾಗ ಅಷ್ಟು ನಾಟಕ ನಡೆಯುವುದಿಲ್ಲ. ನಾನು ಚೀಲ ಕೇಳಿದ್ದು ಅದಕ್ಕೇ.

ಬಿಲ್ಲು ಎರಡನೆಯದು. ಹತ್ತು ರೂಪಾಯಿ ಉಳಿಸಿಕೊಂಡು ನಿಂತದ್ದು ಅಚ್ಚುಕಟ್ಟಿನ ಗುಣ. ಪುಸ್ತಕದ ಅಂಗಡಿಯಲ್ಲಿ ಲೆಕ್ಕ ದಾಟದವರನ್ನು ನಾನು ಕಂಡದ್ದು ಬಹಳ ಕಡಿಮೆ. ನಾನಂತೂ ಆ ಜಾತಿಯಲ್ಲ.

ಅಡುಗೆ ಪುಸ್ತಕ ಬಹಳ ಮಜಾ. ನಿಮಗದು ಬೇಕಿರಲಿಲ್ಲ. ಚಹಾ ತರಿಸಿದ ಮನುಷ್ಯನಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಇದು ಹೊಂದಿಕೊಂಡು ಹೋಗುವ ಗುಣ. ಕೌಂಟರಿನಲ್ಲಿ ಇದೇ ನಿಮ್ಮನ್ನು ಕಾಪಾಡುತ್ತದೆ, ಅಂಗಡಿಯಲ್ಲಿ ನೂರಿನ್ನೂರು ರೂಪಾಯಿ ಕಳೆಯುತ್ತದೆ.

ಚಡಪಡಿಕೆಯ ಪಟ್ಟಿಯ ಮೇಲೆ ನಿಮ್ಮ ಜಾಗ ಎಲ್ಲಿ ಅನ್ನುವುದಕ್ಕೆ ಚೀಲ ಬೇಡ, ಪತ್ರವೇ ಸಾಕು. ಒಂದು ಖುಷಿಯ ದಿನ ಕಳೆದು, ಮನೆ ಮುಟ್ಟುವ ಮೊದಲೇ 'ನಾನು ಜನ ಬೇಡವಾದವಳಾ' ಅಂತ ಶುರು ಮಾಡಿದ್ದೀರಿ. ಸ್ವಲ್ಪ ಜಾಸ್ತಿಯ ಕಡೆಗೇ ಇದ್ದೀರಿ ಅಂತ ಕಾಣುತ್ತದೆ. ರೋಗವೇನಲ್ಲ ಅದು. ವಯಸ್ಸಾದಂತೆ ಸರಾಸರಿಯಲ್ಲಿ ಈ ಗುಣ ಇಳಿಯುತ್ತದೆ, ಅಚ್ಚುಕಟ್ಟು ಮತ್ತು ಹೊಂದಿಕೆ ಏರುತ್ತವೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಈ ವ್ಯತ್ಯಾಸಗಳಲ್ಲಿ ಅರ್ಧದ ಹತ್ತಿರ ಹುಟ್ಟಿನಿಂದ ಬಂದದ್ದು. ಉಳಿದದ್ದಕ್ಕೆ ಬದುಕು ಹೊಣೆ.

ಒಂದೇ ಚೀಲದಿಂದ ಇಷ್ಟೆಲ್ಲ ಹೇಳಿದ್ದಕ್ಕೆ ನನ್ನನ್ನೂ ಪೂರ್ತಿ ನಂಬಬೇಡಿ. ಒಂದು ದಿನದ ಚೀಲ ಒಂದು ದಿನದ್ದು. ಇಂಥ ಇಪ್ಪತ್ತು ದಿನ ಕೂಡಿಸಿ ನೋಡಿದರೆ ಸ್ವಭಾವ ಕಾಣುತ್ತದೆ. ಭಗವದ್ಗೀತೆಯ ಹದಿನಾಲ್ಕನೇ ಅಧ್ಯಾಯದಲ್ಲಿ ಸತ್ವ, ರಜಸ್ಸು, ತಮಸ್ಸು ಮೂರರ ಮಾತು ಬರುತ್ತದಲ್ಲ, ಅಲ್ಲೂ ಹತ್ತನೇ ಶ್ಲೋಕ ಹೇಳುವುದು ಒಂದು ಗುಣ ಉಳಿದೆರಡನ್ನು ಅದುಮಿ ಮೇಲೇಳುತ್ತದೆ, ಸರದಿಯ ಮೇಲೆ ಅಂತ. ಇವನು ಸಾತ್ವಿಕ, ಅವನು ತಾಮಸಿ ಅಂತ ಚೀಟಿ ಅಂಟಿಸಿದ್ದು ನಾವು.

ಈಗ ಒಬ್ಬಳೇ ಖುಷಿಪಟ್ಟ ವಿಷಯ. ಇಲ್ಲಿ ಎರಡು ಮಾತು ಕಲಸಿಹೋಗಿವೆ. ಸಂಕೋಚ ಬೇರೆ, ಅಂತರ್ಮುಖತೆ ಬೇರೆ. ಸಂಕೋಚದವರಿಗೆ ಜನ ಬೇಕು, ಆದರೆ ಹೆದರಿಕೆ. ಅಂತರ್ಮುಖಿಗೆ ಹೆದರಿಕೆ ಇಲ್ಲ, ಗದ್ದಲದ ಅಗತ್ಯ ಕಡಿಮೆ ಅಷ್ಟೇ. ನೀವು ವಾರಕ್ಕೆ ಐದಾರು ದಿನ ಪಾಸ್‌ಬುಕ್ ಹಿಡಿದು ನಿಂತ ಸಾಲಿನ ಜೊತೆ ಮಾತಾಡುವವರು. ಪಿಂಚಣಿ ಬಂದಿಲ್ಲ ಅಂತ ಅಳುವ ಅಜ್ಜಿ, ಚೆಕ್ಕು ವಾಪಸಾಯಿತು ಅಂತ ಕೂಗಾಡುವ ವ್ಯಾಪಾರಿ, ಎಲ್ಲರಿಗೂ ನಗು. ಅಷ್ಟಾದ ಮೇಲೆ ಒಂದು ಶನಿವಾರ ಮಾತೇ ಬೇಡ ಅನ್ನಿಸಿದರೆ, ಪಕ್ಕಾ ಬಹಿರ್ಮುಖಿಗೂ ಹಾಗೇ ಅನ್ನಿಸುತ್ತದೆ. ಒಬ್ಬನೇ ಮನುಷ್ಯನನ್ನು ದಿನಕ್ಕೆ ನಾಲ್ಕೈದು ಸಲದಂತೆ ವಾರಗಟ್ಟಲೆ ಗಮನಿಸಿದ ಅಧ್ಯಯನಗಳಿವೆ. ಮಾತುಗಾರ ಅನ್ನಿಸಿಕೊಂಡವನು ಎಷ್ಟೋ ಹೊತ್ತು ಮೌನವಾಗಿರುತ್ತಾನೆ, ಮೌನಿ ಅನ್ನಿಸಿಕೊಂಡವನು ಎಷ್ಟೋ ಹೊತ್ತು ಹರಟುತ್ತಾನೆ. ವ್ಯತ್ಯಾಸ ಇರುವುದು ಸರಾಸರಿಯಲ್ಲಿ. ಮತ್ತೆ, ಗವಿಮಠದ ಜಾತ್ರೆಗೆ ಹೋಗುತ್ತೀರಾ ಇಲ್ಲವಾ? ಆ ಜನಸಾಗರದ ನಡುವೆ ಉಸಿರು ಕಟ್ಟುತ್ತದಾ, ಖುಷಿಯಾಗುತ್ತದಾ? ಇದನ್ನು ನೀವು ಬರೆದಿಲ್ಲ. ಬರೆದಿದ್ದರೆ ಈ ಐದನೇ ಪಟ್ಟಿಯ ಮೇಲೂ ಒಂದು ಗುರುತು ಹಾಕುತ್ತಿದ್ದೆ.

ಇನ್ನೊಂದು ಗಮನಿಸಿದ್ದೀರಾ? ನೀವು ಪರೀಕ್ಷೆ ಕೊಟ್ಟದ್ದು ಬಹುಶಃ ಇಂಗ್ಲಿಷಿನಲ್ಲಿ. ಬಳ್ಳಾರಿ 1953ರವರೆಗೆ ಮದರಾಸು ಪ್ರಾಂತ್ಯದಲ್ಲಿತ್ತು, ಇಲ್ಲಿ ಕನ್ನಡ ತೆಲುಗು ಎರಡೂ ಓಡುತ್ತವೆ. ತೆಲುಗಿನಲ್ಲಿ ಚೌಕಾಸಿ ಮಾಡುವಾಗ ಗಟ್ಟಿಗಿತ್ತಿಯಾಗಿರುವ ನನ್ನ ಪಕ್ಕದ ಮನೆಯವರು ಕನ್ನಡಕ್ಕೆ ತಿರುಗಿದ ಕೂಡಲೇ ಮೆತ್ತಗಾಗುತ್ತಾರೆ. ಇದು ನನ್ನ ಬರೀ ಕಲ್ಪನೆಯಲ್ಲ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮೇಲಿನ 2006ರ ಅಧ್ಯಯನವೊಂದರಲ್ಲಿ, ಅವರೇ ಇಂಗ್ಲಿಷಿನಲ್ಲಿ ಉತ್ತರಿಸಿದಾಗ ಬಹಿರ್ಮುಖತೆಯ ಅಂಕ ಸ್ವಲ್ಪ ಹೆಚ್ಚು ಬಂತು. ರೈಲಿನಲ್ಲಿ ಇಂಗ್ಲಿಷ್ ಪ್ರಶ್ನೆಗೆ ಉತ್ತರಿಸಿದ ನೀವು ಮನೆಯ ಪಡಸಾಲೆಯ ನೀವೇ ಅಂತ ಹೇಳಲು ಬರುವುದಿಲ್ಲ.

ಮೂರು ಪುಸ್ತಕಗಳಲ್ಲಿ ಯಾವುದು ನಂಬುವಂಥದ್ದು? ಹೆಸರು ಬರೆದಿಲ್ಲ ನೀವು, ಹಾಗಾಗಿ ನೋಡುವ ರೀತಿ ಹೇಳುತ್ತೇನೆ. ಇದನ್ನು ಅಂಗಡಿಯಲ್ಲಿ ನಿಂತೇ ಮಾಡಬಹುದು. ನಡುವಿನ ಒಂದು ಪುಟ ತೆರೆದು, ನಿಮ್ಮದಲ್ಲದ ಬಗೆಯ ವಿವರಣೆ ಓದಿ. ಅದೂ ನಿಮಗೆ ಒಪ್ಪಿದರೆ ಪುಸ್ತಕ ಕೆಳಗಿಡಿ. ಎಲ್ಲ ಬಗೆಯವರನ್ನೂ ಬರೀ ಹೊಗಳಿದ್ದರೂ ಕೆಳಗಿಡಿ. ಮುಂಗೋಪಿಯೊಬ್ಬನೂ ಇಲ್ಲದ ಊರು ಎಲ್ಲಿದೆ? ಇದನ್ನು ಹೇಗೆ ಅಳೆದರು, ಅದೇ ಮನುಷ್ಯನನ್ನು ಮತ್ತೆ ಅಳೆದಾಗ ಏನಾಯಿತು, ಇವೆರಡನ್ನು ಮುಚ್ಚಿಡದೆ ಹೇಳುವ ಲೇಖಕನಿಗೆ ದುಡ್ಡು ಕೊಡಬಹುದು. ಜನರನ್ನು ಒಂಬತ್ತು ಬಗೆಯಾಗಿ ವಿಂಗಡಿಸುವ ಎನ್ನಿಯಾಗ್ರಾಮ್ ಪುಸ್ತಕ ಇದ್ದರೆ ಕಾದಂಬರಿಯ ಪಾತ್ರಗಳ ಹಾಗೆ ಓದಿ, ಖುಷಿ ಕೊಡುತ್ತದೆ. ಅಳತೆ ಅಂತ ನಂಬಬೇಡಿ. ಅಳತೆಯೇ ಬೇಕಿದ್ದರೆ ಗೋಲ್ಡ್‌ಬರ್ಗ್ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ಪ್ರಶ್ನೆಗಳ 120ರ ಪಟ್ಟಿ ಬಿಟ್ಟಿಯಾಗಿ ಸಿಗುತ್ತದೆ. ಅದು ಅಕ್ಷರ ಕೊಡುವುದಿಲ್ಲ, ಅಂಕ ಕೊಡುತ್ತದೆ. ನೋಡಲು ಸಪ್ಪೆ.

ಕನ್ನಡದಲ್ಲಿ ಮನಸ್ಸಿನ ವಿಷಯ ಓದಬೇಕು ಅಂದರೆ ಹಳೇ ಪುಸ್ತಕದ ಅಂಗಡಿಯೇ ಒಳ್ಳೆಯ ಜಾಗ. 'ಕೊರವಂಜಿ' ನಗೆಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ, ಅಂದರೆ ರಾಶಿ, ಮನೋವೈದ್ಯದ ವಿಷಯ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಣ್ಣ ಸಣ್ಣ ಪುಸ್ತಕಗಳು ಹೋದಲ್ಲೆಲ್ಲ ಸಿಗುತ್ತವೆ. ಹಳೇ ಪುಸ್ತಕ ಕೊಳ್ಳುವಾಗ ನಡುವಿನ ಹಾಳೆ ಎಣಿಸಿ, ಬೆನ್ನಿನ ಅಂಟು ನೋಡಿ. ನಮ್ಮ ಬಿಸಿಲಿಗೆ ಅಂಟು ಒಣಗಿ ಪುಟ ಕೈಗೆ ಬರುತ್ತವೆ. ಹೊಸ ಪುಸ್ತಕಕ್ಕೆ ಬಳ್ಳಾರಿಯದೇ ಲೋಹಿಯಾ ಪ್ರಕಾಶನದ ಪಟ್ಟಿ ಒಮ್ಮೆ ನೋಡಿ. ನಿಮ್ಮ ರೈಲು ಹೊಸಪೇಟೆ ಮೇಲೇ ಹೋಗುತ್ತದಲ್ಲ, ಒಂದು ಸಲ ಅಲ್ಲೇ ಇಳಿದು ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗಕ್ಕೂ ಹೋಗಿ ಬನ್ನಿ. ಆದರೆ ನಾಲ್ಕನೇ ಶನಿವಾರ ಸರ್ಕಾರಿ ರಜೆ, ಅದಕ್ಕೆ ಬೇರೆ ದಿನ ರಜೆ ಹಾಕಬೇಕಾಗುತ್ತದೆ.

ನಾದಿನಿಯ ಹುಡುಗನಿಗೆ ಪರೀಕ್ಷೆ ಬೇಡ. ಸಾಫ್ ಹೇಳುತ್ತೇನೆ, ಬೇಡ. ಜಾತಕದ ಜಾಗಕ್ಕೆ ಇನ್ನೊಂದು ಜಾತಕ ತಂದಂತಾಗುತ್ತದೆ. ಆ ಪರೀಕ್ಷೆಯನ್ನು ಮಾರುವವರೇ ಕೆಲಸಕ್ಕೆ ಆರಿಸಲು ಇದನ್ನು ಬಳಸಬೇಡಿ ಅನ್ನುತ್ತಾರೆ, ಗಂಡು ಆರಿಸಲು ಬಳಸುವುದು ದೂರದ ಮಾತು. ಗಂಡ ಹೆಂಡತಿಯ ಗುಣ ಒಂದೇ ಥರ ಇದ್ದರೆ ಸುಖವಾಗಿರುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಸಾವಿರಾರು ಜೋಡಿಗಳ ಅಧ್ಯಯನದಲ್ಲಿ ಆ ಹೋಲಿಕೆಯ ಪಾಲು ಬಹಳ ಸಣ್ಣದು ಅಂತ ಕಂಡಿದೆ. ಅದಕ್ಕಿಂತ ಹೆಚ್ಚು ತೂಕ ಇಬ್ಬರಲ್ಲಿ ಒಬ್ಬೊಬ್ಬರ ಸಿಡುಕು ಎಷ್ಟು, ಹೊಂದಿಕೆ ಎಷ್ಟು ಅನ್ನುವುದಕ್ಕೆ. ಅದನ್ನು ತಿಳಿಯಲು ಫೋನು ಬೇಡ. ಹುಡುಗನ ಜೊತೆ ನಾದಿನಿ ಒಂದು ಹೋಟೆಲಿಗೆ ಹೋಗಲಿ. ಇಡ್ಲಿ ತರುವುದು ತಡವಾದಾಗ ಸಪ್ಲೈಯರ್ ಜೊತೆ ಅವನು ಹೇಗೆ ಮಾತಾಡುತ್ತಾನೆ ನೋಡಲಿ. ಎರಡು ಮೂರು ಸಲ ಹೋಗಲಿ, ಮೊದಲ ಸಲ ಎಲ್ಲರೂ ಒಳ್ಳೆಯವರೇ.

ಕೊನೆಗೆ ಯಜಮಾನರ ವಿಷಯ. ಕರೆದುಕೊಂಡು ಬನ್ನಿ, ಪಾಪ. ಆದರೆ ಅಂಗಡಿಯೊಳಗೆ ಬೇಡ. ಪಕ್ಕದಲ್ಲಿ ಒಬ್ಬರು ಗಡಿಯಾರ ನೋಡುತ್ತಾ ನಿಂತಿದ್ದರೆ ಸ್ಟೂಲ್ ಮೇಲೆ ಎರಡೂವರೆ ಗಂಟೆ ಕೂರಲು ಆಗುವುದಿಲ್ಲ. ಅವರನ್ನು ಕೋಟೆಯ ಗುಡ್ಡಕ್ಕೆ ಕಳಿಸಿ. ಹತ್ತಿ ಇಳಿಯುವ ಹೊತ್ತಿಗೆ ನಿಮ್ಮ ಚೀಲ ತುಂಬಿರುತ್ತದೆ. ಹಕ್ಕಿ ಪುಸ್ತಕವನ್ನೂ ಅವರ ಕೈಗೇ ಕೊಟ್ಟು ಕಳಿಸಿದರೆ ಇನ್ನೂ ಅರ್ಧ ಗಂಟೆ ಸಿಗಬಹುದು. ಸಂಜೆ ಮಿರ್ಚಿ ಬಂಡಿಯ ಹತ್ತಿರ ಸೇರಿ. ಆ ಸಲವಾದರೂ ಬಿಸಿಯಿದ್ದಾಗಲೇ ತಿನ್ನಿ.